46 ವಯಸ್ಸು, ಊಟ ಕಮ್ಮಿ ಮಾಡಿದ್ರೂ ಹೊಟ್ಟೆ ಮಾತ್ರ ಬರ್ತಾನೇ ಉಂಟು, ಪೀರಿಯಡ್ಸ್ ಕೂಡ ಏರುಪೇರು. ಏನ್ಮಾಡ್ಲಿ?

ಅಮ್ಮತ್ತಿ_ತೋಟದಮನೆ | ಜುಲೈ 11, ರಾತ್ರಿ 11:20

ಎಲ್ರಿಗೂ ನಮಸ್ತೆ. ಇದನ್ನ ಮನೇಲಿ ಯಾರ ಹತ್ರಾನೂ ಬಾಯಿಬಿಟ್ಟು ಹೇಳೋಕೆ ಆಗ್ತಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಂಗೆ 46. ಕೊಡಗಿನ ಅಮ್ಮತ್ತಿ ಹತ್ರ ನಮ್ದೊಂದು ಸಣ್ಣ ತೋಟ, ನಾನು ಸೊಸೈಟೀಲಿ ಕ್ಲರ್ಕ್, ಬೆಳಿಗ್ಗೆಯಿಂದ ಸಂಜೆ ತನಕ ಕುರ್ಚಿ ಮೇಲೆನೇ. ಹೈಟು 5 ಅಡಿ 2 ಇಂಚು. ಮೂರು ವರ್ಷದ ಹಿಂದೆ 58 ಕೆಜಿ ಇದ್ದೆ, ಈಗ 67. ಕೈಕಾಲು ದಪ್ಪ ಆಗಿಲ್ಲ, ತೊಡೆ ಮೊದಲಿಗಿಂತ ಸೊರಗಿದೆ ಅಂತಾನೇ ಹೇಳ್ಬೋದು, ಬಂದಿದ್ದೆಲ್ಲ ಹೊಟ್ಟೆಗೆ ಸೊಂಟಕ್ಕೆ. ಮೇ ತಿಂಗಳಲ್ಲಿ ಒಂದು ಮದುವೇಲಿ ಸಂಬಂಧಿಕರೊಬ್ರು ನನ್ನ ಹೊಟ್ಟೆ ನೋಡಿ "ಏನಾದ್ರೂ ವಿಶೇಷ ಉಂಟಾ" ಅಂತ ಎಲ್ಲರ ಮುಂದೇನೇ ಕೇಳಿಬಿಟ್ರು. ಆಮೇಲೆ ಆ ಸೀರೇನ ನಾನು ಉಟ್ಟಿಲ್ಲ.

ಪೀರಿಯಡ್ಸ್ ಒಂದ್ಸಲ 22 ದಿನಕ್ಕೇ ಬರುತ್ತೆ, ಇನ್ನೊಂದ್ಸಲ 50 ದಿನ ಆದ್ರೂ ಇಲ್ಲ, ಬಂದ್ರೆ ಎಂಟು ದಿನ, ಮೊದಲ ಮೂರು ದಿನ ಎರಡು ಗಂಟೆಗೊಂದು ಪ್ಯಾಡ್ ಬೇಕು. ರಾತ್ರಿ ಹೊರಗೆ ಧೋ ಅಂತ ಮಳೆ ಸುರೀತಿರುತ್ತೆ, ಮನೆಯವ್ರು ಎರಡು ಕಂಬಳಿ ಹೊದ್ದು ಮಲಗಿರ್ತಾರೆ, ನಾನು ಎರಡು ಗಂಟೆಗೆ ಬೆವರಲ್ಲಿ ನೆಂದು ಎದ್ದು ಕಿಟಕಿ ತೆಗೆದು ನಿಂತ್ಕೊಳ್ತೀನಿ. ಮತ್ತೆ ನಿದ್ದೆ ಬರೋದು ಬೆಳಗಿನ ಜಾವ, ಅಷ್ಟರಲ್ಲಿ ಏಳೋ ಹೊತ್ತಾಗಿರುತ್ತೆ.

ಏನೇನ್ ಮಾಡಿದೆ ಅಂದ್ರೆ, ಏಪ್ರಿಲ್‌ನಲ್ಲಿ ಆರು ವಾರ ಬೆಳಿಗ್ಗೆ ಬಿಸಿನೀರಿಗೆ ನಿಂಬೆ ಜೇನು, ಮಧ್ಯಾಹ್ನ ಒಂದು ಸೌಟು ಅನ್ನ, ರಾತ್ರಿ ಊಟ ಬಿಟ್ಟು ಬರೀ ಪಪ್ಪಾಯಿ. 3 ಕೆಜಿ ಇಳೀತು, ತಲೆಸುತ್ತು ಬಂತು, ಕೂದಲು ಬಾಚಣಿಗೆ ತುಂಬ ಬರೋಕೆ ಶುರುವಾಯ್ತು. ನಿಲ್ಲಿಸಿದ ಮೇಲೆ ತಿಂಗಳೊಳಗೆ 4 ಕೆಜಿ ವಾಪಸ್. ಡಾಕ್ಟರ್ ಒಬ್ರಿಗೆ ತೋರಿಸಿದ್ರೆ "ವಯಸ್ಸಾಯ್ತಲ್ಲಮ್ಮ, ವಾಕಿಂಗ್ ಮಾಡಿ" ಅಂದ್ರು, ಅಷ್ಟೇ. ವಾಕಿಂಗ್ ಎಲ್ಲಿಗೆ ಹೋಗ್ಲಿ ಹೇಳಿ? ಬೆಳಿಗ್ಗೆ ಎದ್ರೆ ಇಂಥ ತೋಟದಲ್ಲಿ ಆನೆ ಉಂಟು, ಹುಷಾರು ಅಂತ ಮೆಸೇಜ್ ಬಂದಿರುತ್ತೆ, ಕತ್ತಲಾದ ಮೇಲೆ ಅಂಗಳ ದಾಟೋಕೂ ಭಯ, ಅದೂ ಸಾಲದು ಅಂತ ಈ ಮಳೆ, ಜಿಗಣೆ.

ಈಗ ನಾದಿನಿ ಹೇಳ್ತಾಳೆ ಗರ್ಭಕೋಶ ತೆಗೆಸಿಬಿಡಿ ಎಲ್ಲ ಸರಿ ಹೋಗುತ್ತೆ ಅಂತ. ಇನ್ನೊಬ್ರು ವಾಟ್ಸಾಪಲ್ಲಿ ತಿಂಗಳಿಗೆ 4,500 ರೂಪಾಯಿದು ಒಂದು ಪೌಡರ್ ತಗೊಳ್ಳಿ ಅಂತ ದಿನಾ ಮೆಸೇಜ್ ಮಾಡ್ತಾರೆ. ಇದು ಪೆರಿಮೆನೋಪಾಸಾ (ಮುಟ್ಟು ನಿಲ್ಲೋ ಮುಂಚಿನ ಹಂತ), ಥೈರಾಯ್ಡಾ (ಎರಡು ವರ್ಷದ ಹಿಂದೆ ಟೆಸ್ಟ್ ಮಾಡಿಸಿದಾಗ ನಾರ್ಮಲ್ ಇತ್ತು), ಇಲ್ಲ ನಾನೇ ಜಾಸ್ತಿ ತಿಂತಿದೀನಾ? ಈ ಹಂತ ದಾಟಿದವ್ರು ಯಾರಾದ್ರೂ ಇದ್ರೆ ಹೇಳಿ.

ಶಾಂತಳ್ಳಿ_ಮಳೆ | ಜುಲೈ 12, ಬೆಳಿಗ್ಗೆ 6:05

ತಂಗಿ, ನಂಗೀಗ 53, ಡೇಟ್ ನಿಂತು ಮೂರು ವರ್ಷ ಆಯ್ತು. ಕಂಬಳಿ ವಿಷಯ ಓದಿ ಕಣ್ಣಲ್ಲಿ ನೀರು ಬಂತು, ನಾನೂ ಹಂಗೇ ಕಿಟಕಿ ಹತ್ರ ನಿಂತು ಎಷ್ಟು ರಾತ್ರಿ ಕಳೆದಿದ್ದೀನೋ ಲೆಕ್ಕ ಇಲ್ಲ.

ಮೊದಲು ಒಂದು ಕೆಲಸ ಮಾಡು, ರಾತ್ರಿ ಊಟ ಬಿಡೋದನ್ನ ಇವತ್ತಿಂದ್ಲೇ ನಿಲ್ಸು. ನಾನೂ 48ರಲ್ಲಿ ಅದನ್ನೇ ಮಾಡಿದ್ದೆ, ಒಂದು ವರ್ಷದಲ್ಲಿ ಎರಡು ಸಲ. ಪ್ರತಿ ಸಲ ಇಳಿದಿದ್ದು ವಾಪಸ್ ಬಂತು, ಆದ್ರೆ ಇಳಿಯೋವಾಗ ಕೊಬ್ಬಿನ ಜೊತೆ ಮಾಂಸಖಂಡಾನೂ ಹೋಗಿರುತ್ತೆ, ವಾಪಸ್ ಬರೋದು ಮಾತ್ರ ಹೆಚ್ಚುಕಮ್ಮಿ ಕೊಬ್ಬೇ. ತೊಡೆ ಸೊರಗಿದೆ ಹೊಟ್ಟೆ ಬಂದಿದೆ ಅಂತ ನೀನೇ ಬರ್ದಿದೀಯಲ್ಲ, ಅಲ್ಲೇ ಉಂಟು ವಿಷಯ.

ನಂಗಿದು ಗೊತ್ತಾಗಿದ್ದು ಮಂಡಿ ನೋವು ಅಂತ ಫಿಸಿಯೋಥೆರಪಿಗೆ ಹೋದಾಗ. ಆ ಹುಡುಗಿ ನನ್ನನ್ನ ಒಂದು ಕುರ್ಚೀಲಿ ಕೂರಿಸಿ, ಎರಡೂ ಕೈ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರಿ ನೋಡೋಣ ಅಂದ್ಲು. 9 ಸಲ. ಅಷ್ಟಕ್ಕೇ ಉಸಿರು ಬಿಗಿದಿತ್ತು. 60 ದಾಟಿದ ಹೆಂಗಸರಿಗೇ ಇದ್ರಲ್ಲಿ 12 ಬರ್ಬೇಕು ಅಂತ ಲೆಕ್ಕ ಉಂಟಂತೆ, ನಂಗಾಗ 49. ಅವತ್ತು ಮನೆಗೆ ಬಂದು ತೂಕದ ಮೆಷಿನ್ನನ್ನ ಮಂಚದ ಅಡಿಗೆ ತಳ್ಳಿಬಿಟ್ಟೆ.

ಆಮೇಲೆ ಮಾಡಿದ್ದು ಇಷ್ಟು. ವಾರಕ್ಕೆ ಮೂರು ದಿನ ಕುರ್ಚಿಯಿಂದ ಎದ್ದು ಕೂರೋದು 10 ಸಲದ ಹಾಗೆ ಮೂರು ರೌಂಡು, ಗೋಡೆಗೆ ಕೈ ಕೊಟ್ಟು ಪುಶಪ್, ಎರಡೂ ಕೈಲಿ ನೀರಿನ ಬಾಟ್ಲಿ ಹಿಡ್ದು ತಲೆ ಮೇಲೆ ಎತ್ತೋದು, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು. ಮೊದಲು 1 ಲೀಟರ್ ಬಾಟ್ಲಿ, ಆಮೇಲೆ 2 ಲೀಟರ್, ಈಗ ಎಣ್ಣೆದು 5 ಲೀಟರ್ ಕ್ಯಾನಿಗೆ ನೀರು ತುಂಬಿ ಎತ್ತೀನಿ. ಭಾರ ಏರಿಸ್ತಾ ಹೋಗ್ಬೇಕು, ಅದು ಮುಖ್ಯ, ಒಂದೇ ಬಾಟ್ಲಿ ವರ್ಷವೆಲ್ಲ ಎತ್ತಿದ್ರೆ ಪ್ರಯೋಜನ ಇಲ್ಲ. ಒಟ್ಟು 25 ನಿಮಿಷ. ಮಳೆಗಾಲದಲ್ಲಿ ಜಗಲಿ ಈ ಕೊನೆಯಿಂದ ಆ ಕೊನೆಗೆ ನಡಿಗೆ, ಮಳೆ ಬಿಟ್ಟಾಗ ಕಾಫಿ ಕಣದಲ್ಲಿ ಸುತ್ತು. ಶಾಂತಳ್ಳಿ ಮಳೆ ಗೊತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಮೇಲೆ ವಾಕಿಂಗ್ ಅನ್ನೋ ಮಾತೇ ಇಲ್ಲ.

ಊಟ ಬಿಟ್ಟಿಲ್ಲ, ತಟ್ಟೆ ಒಳಗೆ ಅದಲುಬದಲು ಮಾಡಿದೆ. ಬೆಳಿಗ್ಗೆ ಮೂರು ಅಕ್ಕಿ ರೊಟ್ಟಿ ಚಟ್ನಿ ಇತ್ತು, ಈಗ ಒಂದು ರೊಟ್ಟಿ, ಎರಡು ಮೊಟ್ಟೆ, ಪಲ್ಯ. ಕಡಂಬುಟ್ಟು (ಅಕ್ಕಿ ಉಂಡೆ) ಆರು ತಿನ್ನೋ ಕಡೆ ಮೂರು, ಪಂದಿ (ಹಂದಿ) ಕರೀಲಿ ನೆಣದ ತುಂಡು ಬೇರೆಯವ್ರ ತಟ್ಟೆಗೆ, ಬರೀ ಮಾಂಸದ್ದು ನಂಗೆ. ಕಣಿಲೆ (ಎಳೆ ಬಿದಿರು) ಸಾರು, ಕೆಸುವಿನ ಸೊಪ್ಪು, ಅಣಬೆ ಸಿಕ್ಕಾಗ ಅಣಬೆ, ಇದೆಲ್ಲ ಹೊಟ್ಟೆ ತುಂಬ. ಮೀನು ಗಾಡಿ ಬಂದ ದಿನ ಮತ್ತಿ ಮೀನು, ಇಲ್ದಿದ್ರೆ ಹುರುಳಿ, ಹೆಸರುಕಾಳು. ಪ್ರತಿ ಊಟದಲ್ಲೂ ಏನಾದ್ರೊಂದು ಪ್ರೋಟೀನ್ ಇರ್ಲೇಬೇಕು ಅಂತ ಹಟ ಹಿಡಿದೆ.

ಮನೇಲಿ ಮಾಡೋ ವೈನ್ ಕೂಡ ಬಿಟ್ಟೆ, ಇದನ್ನ ಯಾರೂ ಹೇಳಲ್ಲ ಅದಕ್ಕೆ ನಾನು ಹೇಳ್ತೀನಿ. ರಾತ್ರಿ ಒಂದು ಗ್ಲಾಸ್ ಕುಡಿದ್ರೆ ನಿದ್ದೆ ಬಂದ ಹಾಗೆ ಆಗುತ್ತೆ, ಆದ್ರೆ ಎರಡು ಗಂಟೆಗೆ ಅದೇ ಎಬ್ಬಿಸುತ್ತೆ, ಬೆವರೂ ಜಾಸ್ತಿ. ಅದ್ರಲ್ಲಿ ಸಕ್ಕರೆ ಎಷ್ಟು ಹಾಕಿರ್ತೀವಿ ಅಂತ ಮಾಡೋರಿಗೆ ಗೊತ್ತಲ್ವಾ.

14 ತಿಂಗಳಿಗೆ 6 ಕೆಜಿ ಇಳೀತು. ನಿಧಾನ ಅನ್ಸುತ್ತೆ, ಆದ್ರೆ ಇವತ್ತಿನ ತನಕ ವಾಪಸ್ ಬಂದಿಲ್ಲ.

ಕಕ್ಕಬೆ_ಜೇನು | ಜುಲೈ 12, ಬೆಳಿಗ್ಗೆ 9:48

ಅಕ್ಕ ಪೌಡರ್ ತಗೊಳ್ಬೇಡಿ. ತಗೊಳ್ಳಲೇಬೇಡಿ. ನಾನು ತಗೊಂಡಿದ್ದೆ, ಎರಡು ತಿಂಗಳಿಗೆ 9 ಸಾವಿರ ಕೊಟ್ಟೆ. ಊಟದ ಬದಲು ಅದನ್ನ ಕುಡೀರಿ ಅಂದ್ರು, ಎರಡು ಹೊತ್ತಿನ ಊಟ ಬಿಟ್ರೆ ಯಾರಿಗಾದ್ರೂ ಇಳಿಯುತ್ತಲ್ವಾ ಅಂತ ಆಗ ಹೊಳೀಲಿಲ್ಲ. ಜೊತೆಗೆ ಲೇಬಲ್ಲೇ ಇಲ್ಲದ ಒಂದು ಹರ್ಬಲ್ ಕ್ಯಾಪ್ಸೂಲ್ ಕೊಟ್ಟಿದ್ರು, ಅದು ತಗೊಂಡ ದಿನ ಎದೆ ಡವಡವ ಅಂತ ಹೊಡ್ಕೊಳ್ಳೋದು, ಬಾಯಿ ಒಣಗೋದು, ಹಸಿವೇ ಇಲ್ಲ. ಬಿಪಿ ನೋಡ್ಸಿದ್ರೆ 160/100. ಡಾಕ್ಟರ್ ಅದನ್ನ ಕೈಯಲ್ಲಿ ಹಿಡ್ದು ನೋಡಿ ಇವತ್ತೇ ನಿಲ್ಸಿ ಅಂದ್ರು. ನಿಲ್ಸಿದ ಮೇಲೆ ಬಿಪಿ ಇಳೀತು, ತೂಕ ಮಾತ್ರ ಎರಡೇ ತಿಂಗಳಲ್ಲಿ ವಾಪಸ್.

ಮಾರೋರು ನಮ್ಮ ಪರಿಚಯದವರೇ ಆಗಿರ್ತಾರೆ, ಅದೇ ಕಷ್ಟ, ಬೇಡ ಅನ್ನೋಕೆ ಬಾಯಿ ಬರಲ್ಲ. ನೀವು ಬೇಡ ಅಂತ ಬರೆದು ಆ ಗ್ರೂಪಿಂದ ಹೊರಗೆ ಬನ್ನಿ.

ಸ್ಟಾಫ್‌ನರ್ಸ್_ಕುಶಾಲನಗರ | ಜುಲೈ 12, ಮಧ್ಯಾಹ್ನ 3:15

ಡ್ಯೂಟಿ ಮುಗಿಸಿ ಬರೀತಿದೀನಿ. 19 ವರ್ಷದಿಂದ ನರ್ಸ್, ಹೆಂಗಸರ ಒಪಿಡಿಯಲ್ಲೇ ಜಾಸ್ತಿ ಕೆಲಸ ಮಾಡಿದ್ದು. ನಾನು ಡಾಕ್ಟರ್ ಅಲ್ಲ, ಆದ್ರೆ ಏನೇನು ಕೇಳಬೇಕು ಅಂತ ಗೊತ್ತಿದ್ರೆ ಡಾಕ್ಟರ್ ಹತ್ರ ಹೋದಾಗ "ವಾಕಿಂಗ್ ಮಾಡಿ" ಅಂತ ಕೇಳ್ಕೊಂಡು ವಾಪಸ್ ಬರೋದು ತಪ್ಪುತ್ತೆ.

ಮೇಡಂ, ನೀವು ಹೇಳಿದ್ದು ಪೆರಿಮೆನೋಪಾಸ್ ಲಕ್ಷಣಾನೇ. ಪೀರಿಯಡ್ಸ್ ನಿಂತು 12 ತಿಂಗಳು ಪೂರ್ತಿ ಆದ್ರೆ ಅದಕ್ಕೆ ಮೆನೋಪಾಸ್ ಅಂತಾರೆ, ಅದಕ್ಕೂ ಮುಂಚಿನ ಕೆಲವು ವರ್ಷ ಹಾರ್ಮೋನ್ ಏರಿಳಿತದ್ದು. ನಮ್ಮ ದೇಶದಲ್ಲಿ ಮೆನೋಪಾಸ್ ಸರಾಸರಿ 46-47ಕ್ಕೆಲ್ಲ ಬರುತ್ತೆ, ಪಶ್ಚಿಮದ ದೇಶಗಳಲ್ಲಿ 51ರ ಹತ್ರ. ಅಂದ್ರೆ ನಿಮಗೆ ಬೇಗ ಬಂದಿದ್ದೇನಲ್ಲ.

ತೂಕದ ವಿಷಯ. ಅಮೇರಿಕದಲ್ಲಿ ಸ್ವಾನ್ ಅಂತ ಒಂದು ಅಧ್ಯಯನ 1996ರಿಂದ ಸಾವಿರಾರು ಹೆಂಗಸರನ್ನ ವರ್ಷ ವರ್ಷವೂ ನೋಡ್ತಾ ಬಂದಿದೆ. ಅದ್ರಲ್ಲಿ ಕಂಡಿದ್ದು ಏನಂದ್ರೆ ಈ ಹಂತ ಶುರುವಾದಾಗ ಮೈಯಲ್ಲಿ ಕೊಬ್ಬು ಸೇರೋ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ, ಮಾಂಸಖಂಡ ಕರಗೋಕೆ ಶುರುವಾಗುತ್ತೆ, ಇದು ಕೊನೆಯ ಪೀರಿಯಡ್ ಆಗಿ ಸುಮಾರು ಎರಡು ವರ್ಷದ ತನಕ ನಡೆದು ಆಮೇಲೆ ಒಂದು ಮಟ್ಟಕ್ಕೆ ನಿಲ್ಲುತ್ತೆ. ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇದ್ದಾಗ ಕೊಬ್ಬು ತೊಡೆ ಸೊಂಟದ ಕಡೆ ಹೋಗಿ ಕೂರೋದು, ಅದು ಇಳಿದ ಹಾಗೆ ಹೊಟ್ಟೆ ಒಳಗೆ ಕೂರುತ್ತೆ. ಹಾಗಾಗಿ ಶಾಂತಳ್ಳಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಎಲ್ರೂ "ಮೆಟಬಾಲಿಸಂ ಬಿದ್ದೋಗಿದೆ" ಅಂತಾರಲ್ಲ, 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಮೈಯ ಗಾತ್ರದ ಲೆಕ್ಕ ಹಿಡಿದು ನೋಡಿದ್ರೆ 20ರಿಂದ 60 ವರ್ಷದ ತನಕ ಅದು ಹೆಚ್ಚುಕಮ್ಮಿ ಒಂದೇ ಸಮ ಇರುತ್ತೆ. ಕಮ್ಮಿ ಆಗೋದು ಮಾಂಸಖಂಡ, ಓಡಾಟ, ನಿದ್ದೆ. ನಿದ್ದೆ ಕೆಟ್ಟ ಮರುದಿನ ಹಸಿವು ಜಾಸ್ತಿ, ಸಿಹಿ ಕಡೆ ಮನಸ್ಸು ಎಳೆಯುತ್ತೆ, ಅದು ನಿಮ್ಮ ಬಾಯಿಚಪಲ ಅಲ್ಲ.

ಮನೇಲಿ ಮೊದಲು ಟೇಪ್ ತಗೊಂಡು ಹೊಕ್ಕಳಿನ ಮಟ್ಟದಲ್ಲಿ ಹೊಟ್ಟೆ ಅಳತೆ ತಗೊಳ್ಳಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಒಳಗೆ ಇದ್ರೆ ಒಳ್ಳೇದು, ಅದಕ್ಕಿಂತ ಮೇಲಾದ್ರೆ ಶುಗರ್, ಹಾರ್ಟ್ ಕಡೆ ಗಮನ ಕೊಡ್ಬೇಕು. ಬಿಎಂಐ ಕೂಡ ನಮಗೆ 23 ದಾಟಿದ್ರೆ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ, ನಿಮ್ದು 27ರ ಹತ್ರ ಬರುತ್ತೆ.

ಟೆಸ್ಟ್‌ಗಳು: ಟಿಎಸ್‌ಎಚ್ (ಥೈರಾಯ್ಡ್ ನೋಡೋ ರಕ್ತ ಪರೀಕ್ಷೆ) ಮತ್ತೆ ಮಾಡಿಸಿ, ಎರಡು ವರ್ಷದ ಹಿಂದಿನ ರಿಪೋರ್ಟ್ ಈಗ ಲೆಕ್ಕಕ್ಕಿಲ್ಲ, ಈ ವಯಸ್ಸಲ್ಲಿ ಥೈರಾಯ್ಡ್ ಮತ್ತು ಪೆರಿಮೆನೋಪಾಸ್ ಎರಡರ ಲಕ್ಷಣಾನೂ ಒಂದೇ ಥರ ಇರುತ್ತೆ. ಹಿಮೋಗ್ಲೋಬಿನ್ ಖಂಡಿತ ಮಾಡಿಸಿ, ಎರಡು ಗಂಟೆಗೊಂದು ಪ್ಯಾಡ್ ಅಂದ್ರೆ ರಕ್ತ ಕಮ್ಮಿ ಇರೋ ಸಾಧ್ಯತೆ ಜಾಸ್ತಿ, ತಲೆಸುತ್ತಿಗೆ ಕೂದಲಿಗೆ ಅದೂ ಕಾರಣ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್, ಬಿಪಿ. 30 ದಾಟಿದವರಿಗೆ ಬಿಪಿ ಶುಗರ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಫ್ರೀಯಾಗಿ ನೋಡ್ತಾರೆ.

ಇದಕ್ಕಿಂತ ಅರ್ಜೆಂಟ್ ಬ್ಲೀಡಿಂಗ್. 45 ದಾಟಿದ ಮೇಲೆ ಇಷ್ಟು ಏರುಪೇರಾಗಿ ಜಾಸ್ತಿ ಹೋಗ್ತಿದ್ರೆ "ಈ ವಯಸ್ಸಲ್ಲಿ ಹಂಗೇ" ಅಂತ ಬಿಡಬಾರ್ದು. ಹೆಂಗಸರ ಡಾಕ್ಟರ್ ಹತ್ರ ಹೋಗಿ ಸ್ಕ್ಯಾನಿಂಗ್ ಮಾಡಿಸಿ, ಅವ್ರು ಗರ್ಭಕೋಶದ ಒಳಪದರದ ಸ್ಯಾಂಪಲ್ ತೆಗೀಬೇಕು ಅಂದ್ರೆ ಹೆದರ್ಬೇಡಿ, ತೆಗೆಸಿ. ಗರ್ಭಕೋಶ ತೆಗೆಸಿದ್ರೆ ತೂಕ ಇಳಿಯಲ್ಲ ಮೇಡಂ. ಮಾತ್ರೆ ಉಂಟು, ಒಳಗೆ ಹಾಕೋ ಹಾರ್ಮೋನ್ ಕಾಯಿಲ್ ಉಂಟು, ಬಹಳ ಜನಕ್ಕೆ ಅದ್ರಲ್ಲೇ ಸರಿ ಹೋಗುತ್ತೆ. ಆಪರೇಷನ್ ಬೇಕೇ ಬೇಕಾದ್ರೂ ಅಂಡಾಶಯ ಉಳಿಸ್ತೀರಾ ಅಂತ ಬಾಯಿಬಿಟ್ಟು ಕೇಳಿ, ಅದನ್ನೂ ತೆಗೆದ್ರೆ ಮೆನೋಪಾಸ್ ಒಂದೇ ದಿನದಲ್ಲಿ ಬಂದ ಹಾಗೆ.

ಹಾರ್ಮೋನ್ ಚಿಕಿತ್ಸೆ ಬಗ್ಗೆ ತುಂಬ ಜನ ದಪ್ಪ ಆಗ್ತೀವಿ ಅಂತ ಹೆದರ್ತಾರೆ. ಅದ್ರಿಂದ ದಪ್ಪ ಆಗಲ್ಲ, ಅದು ತೂಕ ಇಳಿಸೋ ಔಷಧೀನೂ ಅಲ್ಲ. ರಾತ್ರಿ ಬೆವರು, ನಿದ್ದೆ ಕೆಡೋದು ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಸ್ಟ್ರೋಕ್, ಲಿವರ್ ತೊಂದರೆ ಇದ್ದವರಿಗೆ ಆಗಲ್ಲ, ಬ್ಲೀಡಿಂಗ್‌ಗೆ ಕಾರಣ ಗೊತ್ತಾಗೋ ತನಕವೂ ಕೊಡಲ್ಲ. ಆಮೇಲೆ ಇನ್ನೊಂದು, ಡೇಟ್ ಏರುಪೇರಾಗಿದ್ರೂ ಈ ವಯಸ್ಸಲ್ಲಿ ಗರ್ಭ ನಿಲ್ಲಬಹುದು, 50 ದಿನ ಆದ್ರೂ ಬಂದಿಲ್ಲ ಅಂದ್ರೆ ಒಂದು ಟೆಸ್ಟ್ ಮಾಡ್ಕೊಳ್ಳಿ.

ಕುಟ್ಟ_ಗಡಿಮನೆ | ಜುಲೈ 12, ಸಂಜೆ 7:30

ಎಲ್ರೂ ಅನ್ನ ಕಮ್ಮಿ ಮಾಡಿ ರೊಟ್ಟಿ ಕಮ್ಮಿ ಮಾಡಿ ಅಂತಾರೆ, ನಂಗಿದು ಒಪ್ಪಿಗೆ ಇಲ್ಲ. ನಮ್ಮ ಅಜ್ಜಿ ಮೂರು ಹೊತ್ತೂ ಅಕ್ಕೀದೇ ತಿಂದು 88 ವರ್ಷ ಗಟ್ಟಿಮುಟ್ಟಾಗಿ ಬದುಕಿದ್ರು, ಅವ್ರ ಕಾಲದಲ್ಲಿ ಇಂಥ ಹೊಟ್ಟೆ ಯಾರಿಗೂ ನೋಡಿಲ್ಲ. ಕಡಂಬುಟ್ಟು ಎಣಿಸಿ ತಿನ್ನೋ ಕಾಲ ಬಂತಲ್ಲ ಅಂತ ಬೇಜಾರಾಗುತ್ತೆ.

ಶಾಂತಳ್ಳಿ_ಮಳೆ | ಜುಲೈ 12, ರಾತ್ರಿ 8:12

ಕುಟ್ಟದವರೇ, ನಿಮ್ಮ ಅಜ್ಜಿ ತಿಂದಿದ್ದು ಸರಿ, ಅವ್ರು ಮಾಡಿದ್ದನ್ನೂ ಹೇಳಿ. ನಮ್ಮ ಅಜ್ಜಿ ಬೆಳಿಗ್ಗೆ ಹಟ್ಟಿ ಕೆಲಸ, ಬಾವಿಯಿಂದ ನೀರು ಸೇದೋದು, ಒನಕೆ ಹಿಡ್ದು ಭತ್ತ ಕುಟ್ಟೋದು, ನಾಟಿ ಟೈಮಲ್ಲಿ ದಿನವಿಡೀ ಸೊಂಟ ಬಗ್ಗಿಸಿ ಗದ್ದೇಲಿ ನಿಲ್ಲೋದು. ಈಗ ನೀರು ನಲ್ಲೀಲಿ, ಅಕ್ಕಿ ಮಿಲ್ಲಿಂದ, ಗದ್ದೇನೇ ಎಷ್ಟೋ ಕಡೆ ಪಾಳು ಬಿದ್ದಿದೆ ಇಲ್ಲ ಶುಂಠಿಗೆ ಹೋಗಿದೆ. ಕೆಲಸ ಹೋಯ್ತು, ತಟ್ಟೆ ಮಾತ್ರ ಹಂಗೇ ಉಳೀತು. ಅಕ್ಕಿ ಬಿಡಿ ಅಂತ ನಾನು ಹೇಳಲ್ಲ, ನಾನೇ ಬಿಟ್ಟಿಲ್ಲ. ಮೂರು ರೊಟ್ಟಿ ಜಾಗದಲ್ಲಿ ಮೊಟ್ಟೆ ಬರ್ಲಿ ಅಷ್ಟೇ.

ಕುಟ್ಟ_ಗಡಿಮನೆ | ಜುಲೈ 12, ರಾತ್ರಿ 8:40

ಒನಕೆ ವಿಷಯ ಸರಿ ಅಕ್ಕ. ನಮ್ಮಜ್ಜಿ ಕೈ ಹಿಡಿದ್ರೆ ಬಿಡಿಸ್ಕೊಳ್ಳೋಕೆ ಆಗ್ತಿರ್ಲಿಲ್ಲ, ಅಷ್ಟು ಗಟ್ಟಿ, ನೆನಪಾಯ್ತು.

ಸುಂಟಿಕೊಪ್ಪ_ಬೆಳೆಗಾರ | ಜುಲೈ 13, ಬೆಳಿಗ್ಗೆ 7:02

ನಾನು ಗಂಡಸು, ಇಲ್ಲಿ ಬರೀಬೋದೋ ಇಲ್ವೋ ಗೊತ್ತಿಲ್ಲ, ತಪ್ಪಾದ್ರೆ ಕ್ಷಮಿಸಿ. ನನ್ನ ಹೆಂಡತಿಗೆ 48, ಒಂದು ವರ್ಷದಿಂದ ಇದೇ ಥರ. ರಾತ್ರಿ ಏಳ್ತಾಳೆ, ಹಗಲು ಸಣ್ಣ ಸಣ್ಣ ವಿಷಯಕ್ಕೂ ಅಳ್ತಾಳೆ, ಕನ್ನಡಿ ಮುಂದೆ ನಿಲ್ಲೋದೇ ಬಿಟ್ಟಿದ್ದಾಳೆ. ನಾನು ತಮಾಷೆ ಅಂತ ಒಂದೆರಡು ಸಲ ಹೊಟ್ಟೆ ಬಗ್ಗೆ ಮಾತಾಡಿದ್ದೆ. ಇದನ್ನೆಲ್ಲ ಓದಿದ ಮೇಲೆ ಅದು ಎಷ್ಟು ದೊಡ್ಡ ತಪ್ಪು ಅಂತ ಅರ್ಥ ಆಯ್ತು, ನಿನ್ನೆ ರಾತ್ರಿ ಅವಳ ಹತ್ರ ಕ್ಷಮೆ ಕೇಳಿದೆ. ನಾನು ಏನು ಮಾಡಿದ್ರೆ ಅವಳಿಗೆ ಅನುಕೂಲ ಆಗುತ್ತೆ? ಜಿಮ್‌ಗೆ ಸೇರಿಸ್ಲಾ?

ಸ್ಟಾಫ್‌ನರ್ಸ್_ಕುಶಾಲನಗರ | ಜುಲೈ 13, ಬೆಳಿಗ್ಗೆ 8:30

ಬರೆದಿದ್ದು ಒಳ್ಳೇದಾಯ್ತು ಸರ್. ಜಿಮ್ ಅವ್ರು ಬೇಕು ಅಂದ್ರೆ ಮಾತ್ರ. ಮೊದಲು ಅವ್ರಿಗೆ ವಾರಕ್ಕೆ ಮೂರು ದಿನ ಅರ್ಧ ಗಂಟೆ ಸಿಗೋ ಹಾಗೆ ಮಾಡಿ, ಆ ಹೊತ್ತಲ್ಲಿ ಅಡುಗೆಮನೆಯಿಂದ ಯಾರೂ ಕರೀಬಾರ್ದು. ನಮ್ಮ ಕಡೆ ಹೆಂಗಸರಿಗೆ ಕಮ್ಮಿ ಇರೋದು ಆ ಅರ್ಧ ಗಂಟೇನೇ. ಮಾಂಸ ಮೊಟ್ಟೆ ಬಡಿಸೋವಾಗ ಅವ್ರ ತಟ್ಟೆಗೂ ಸಮನಾಗಿ ಬೀಳ್ತಿದೆಯಾ ನೋಡಿ, ಎಷ್ಟೋ ಮನೇಲಿ ಎಲ್ರಿಗೂ ಹಾಕಿ ಉಳಿದ ಸಾರಲ್ಲೇ ಅವ್ರ ಊಟ ಮುಗಿಯುತ್ತೆ. ಅಳು ಎರಡು ವಾರಕ್ಕಿಂತ ಜಾಸ್ತಿ ದಿನಾ ಇದ್ರೆ, ಯಾವುದ್ರಲ್ಲೂ ಆಸಕ್ತಿ ಇಲ್ಲ ಅಂದ್ರೆ ಡಾಕ್ಟರ್‌ಗೆ ಹೇಳಿ, ಈ ಹಂತದಲ್ಲಿ ಡಿಪ್ರೆಷನ್ ಬರೋದುಂಟು, ಅದಕ್ಕೂ ಚಿಕಿತ್ಸೆ ಉಂಟು. ನೀವೂ ಜೊತೆಗೆ ಹೋಗಿ.

ಕಕ್ಕಬೆ_ಜೇನು | ಜುಲೈ 13, ಬೆಳಿಗ್ಗೆ 10:10

ಸಿಸ್ಟರ್, ಈಗ ತೂಕ ಇಳಿಸೋ ಇಂಜೆಕ್ಷನ್ ಬಂದಿದೆಯಲ್ಲ, ಮೌಂಜಾರೋ ಅಂತ, ಮೈಸೂರಲ್ಲಿರೋ ನನ್ನ ಕಸಿನ್ ತಗೊಳ್ತಿದ್ದಾಳೆ. ಅದು ಹೆಂಗೆ?

ಸ್ಟಾಫ್‌ನರ್ಸ್_ಕುಶಾಲನಗರ | ಜುಲೈ 13, ಬೆಳಿಗ್ಗೆ 10:55

ನಮ್ಮ ದೇಶಕ್ಕೆ 2025ರಲ್ಲಿ ಬಂತು. ನಿಜವಾದ ಔಷಧಿ, ಕೆಲಸ ಮಾಡುತ್ತೆ, ಶುಗರ್ ಇದ್ದು ತೂಕ ಜಾಸ್ತಿ ಇದ್ದವರಿಗೆ ತುಂಬ ಅನುಕೂಲ ಆಗಿದೆ. ಆದ್ರೆ ಡಾಕ್ಟರ್ ಚೀಟಿ ಇಲ್ದೆ, ಬ್ಯೂಟಿ ಪಾರ್ಲರಲ್ಲಿ ಆನ್‌ಲೈನಲ್ಲಿ ಯಾರೋ ಕೊಟ್ರು ಅಂತ ಚುಚ್ಚಿಸ್ಕೊಳ್ಳೋದಲ್ಲ. ಹಸಿವು ಕಮ್ಮಿ ಆಗಿ ಇಳಿಯೋದ್ರಿಂದ ಅದ್ರಲ್ಲೂ ಮಾಂಸಖಂಡ ಹೋಗುತ್ತೆ, ಅಂದ್ರೆ ನೀರಿನ ಕ್ಯಾನ್, ಮೊಟ್ಟೆ ಅಲ್ಲೂ ತಪ್ಪಲ್ಲ. ನಿಲ್ಲಿಸಿದ್ರೆ ಬಹಳ ಜನಕ್ಕೆ ತೂಕ ವಾಪಸ್ ಬರುತ್ತೆ.

ಅಮ್ಮತ್ತಿ_ತೋಟದಮನೆ | ಆಗಸ್ಟ್ 2, ರಾತ್ರಿ 9:45

ಎಲ್ರಿಗೂ ತುಂಬ ತುಂಬ ಥ್ಯಾಂಕ್ಸ್. ನಾದಿನಿಯನ್ನೇ ಜೊತೆಗೆ ಕರ್ಕೊಂಡು ಹೋಗಿ ಮಡಿಕೇರಿಲಿ ತೋರಿಸಿದೆ, ಇಲ್ಲಿ ಬರೆದ ಪ್ರಶ್ನೆಗಳನ್ನ ಚೀಟೀಲಿ ಬರ್ಕೊಂಡು ಹೋಗಿದ್ದೆ. ಪ್ರೆಗ್ನೆನ್ಸಿ ಟೆಸ್ಟ್ ನೆಗೆಟಿವ್. ಹಿಮೋಗ್ಲೋಬಿನ್ 9.4, ರಕ್ತ ಕಮ್ಮಿ. ಟಿಎಸ್‌ಎಚ್ 11.8, ಅಂದ್ರೆ ಥೈರಾಯ್ಡ್ ಕಮ್ಮಿ ಕೆಲಸ ಮಾಡ್ತಿದೆ. ಎಚ್‌ಬಿಎ1ಸಿ 5.9, ಶುಗರ್ ಬಾಗಿಲ ಹತ್ರ ಬಂದು ನಿಂತಿದೆ ಅಂದ್ರು ಡಾಕ್ಟರ್. ಹೊಟ್ಟೆ ಅಳತೆ 92. ಸ್ಕ್ಯಾನಿಂಗಲ್ಲಿ ಒಂದು ಸಣ್ಣ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಸ್ಯಾಂಪಲ್ ತೆಗೆದ್ರು, ರಿಪೋರ್ಟ್ ಬರೋ ತನಕ ಒಂದು ವಾರ ಊಟ ಸೇರಿಲ್ಲ, ಆಮೇಲೆ ಏನೂ ತೊಂದರೆ ಇಲ್ಲ ಅಂತ ಬಂತು. ಬ್ಲೀಡಿಂಗ್‌ಗೆ ಮಾತ್ರೆ, ಐರನ್, ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಬರೆದಿದ್ದಾರೆ. ಕುರ್ಚಿ ಟೆಸ್ಟ್ ಮಾಡಿದೆ ಅಕ್ಕ, 10.

ಇಷ್ಟು ಮಾತ್ರೆ ಯಾವಾಗ ಯಾವುದು ತಗೊಳ್ಳೋದು? ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಇಲ್ದೆ ನಂಗೆ ಆಗಲ್ಲ. ನಾಳೆ ಕಕ್ಕಡ 18 ಬೇರೆ, ಮದ್ದು ಸೊಪ್ಪಿನ ಪಾಯಸ ಮಾಡೋ ದಿನ, ತಿನ್ಬೋದಾ?

ಸ್ಟಾಫ್‌ನರ್ಸ್_ಕುಶಾಲನಗರ | ಆಗಸ್ಟ್ 2, ರಾತ್ರಿ 10:20

ಪಾಯಸ ಒಂದು ಬಟ್ಟಲು ಖುಷಿಯಾಗಿ ತಿನ್ನಿ ಮೇಡಂ, ವರ್ಷಕ್ಕೊಂದು ಸಲದ್ದು. ದಿನಾ ಬರೋ ಸಕ್ಕರೆ ನೋಡಿ, ಐದು ಲೋಟ ಕಾಫಿಗೆ ಎರಡೆರಡು ಚಮಚ ಅಂದ್ರೆ 40 ಗ್ರಾಂ ಮೇಲಾಯ್ತು, 25 ಗ್ರಾಂ ಒಳಗೆ ಇದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ಬೆಲ್ಲದ ಕಾಫಿ ಆದ್ರೂ ಲೆಕ್ಕ ಅದೇ.

ಮಾತ್ರೆ: ಥೈರಾಯ್ಡ್‌ದು ಎದ್ದ ತಕ್ಷಣ ಬರೀ ನೀರಲ್ಲಿ. ಕಾಫಿ ಒಂದು ಗಂಟೆ ಬಿಟ್ಟು, ಇದನ್ನ ದಯವಿಟ್ಟು ಪಾಲಿಸಿ, ಕಾಫಿ ಜೊತೆ ನುಂಗಿದ್ರೆ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ. ನಮ್ಮ ಜಿಲ್ಲೇಲಿ ಎಷ್ಟೋ ಜನರಿಗೆ ಡೋಸ್ ಏರಿಸ್ತಾ ಹೋಗ್ತಾರೆ, ಕಾರಣ ನೋಡಿದ್ರೆ ಕಾಫಿ. ಐರನ್ ಮಧ್ಯಾಹ್ನ ಊಟ ಆಗಿ ಎರಡು ಗಂಟೆ ಮೇಲೆ, ನಿಂಬೆ ನೀರಿನ ಜೊತೆ, ಹಿಂದೆ ಮುಂದೆ ಕಾಫಿ ಟೀ ಬೇಡ. ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಥೈರಾಯ್ಡ್ ಮಾತ್ರೆಗೂ ಉಳಿದೆರಡಕ್ಕೂ ನಾಲ್ಕು ಗಂಟೆ ಅಂತರ ಇರ್ಬೇಕು. ಮಧ್ಯಾಹ್ನ ಮೇಲೆ ಕಾಫಿ ಬಿಟ್ರೆ ನಿದ್ದೆಗೂ ಒಳ್ಳೇದು. ಆರೆಂಟು ವಾರ ಬಿಟ್ಟು ಟಿಎಸ್‌ಎಚ್ ಮತ್ತೆ ನೋಡ್ಸಿ. ಥೈರಾಯ್ಡ್ ಸರಿ ಆದ್ರೆ 9 ಕೆಜಿ ಪೂರ್ತಿ ಇಳಿದೋಗುತ್ತೆ ಅಂತ ಅಂದ್ಕೊಳ್ಬೇಡಿ, ಅದ್ರ ಪಾಲು ಸ್ವಲ್ಪಾನೇ. ಸುಸ್ತು ಹೋಗುತ್ತೆ, ಆಗ ಮೈ ಬಗ್ಗಿಸಿ ಕೆಲಸ ಮಾಡೋಕೆ ಆಗುತ್ತೆ.

ಅಮ್ಮತ್ತಿ_ತೋಟದಮನೆ | ಡಿಸೆಂಬರ್ 9, ಸಂಜೆ 6:40

ನಾಲ್ಕು ತಿಂಗಳಾಯ್ತು, ಹೇಳದೆ ಇದ್ರೆ ಸರಿ ಹೋಗಲ್ಲ ಅಂತ ಬಂದೆ.

ಆಗಸ್ಟ್‌ನಲ್ಲಿ ಏನೂ ಆಗ್ಲಿಲ್ಲ. ಸುಸ್ತಿಗೆ ಕುರ್ಚಿ ವ್ಯಾಯಾಮ ಒಂದು ರೌಂಡೂ ಮುಗೀತಿರ್ಲಿಲ್ಲ, ಎರಡು ಸಲ ಬಿಟ್ಟೇಬಿಟ್ಟೆ. ಸೆಪ್ಟೆಂಬರ್ ಕೈಲ್ ಮುಹೂರ್ತ ಹಬ್ಬ ಆದ ಮೇಲೆ ಒಂದು ದಿನ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದವಳಿಗೆ ಉಸಿರು ಕಟ್ಟಿಲ್ಲ ಅಂತ ಮೇಲೆ ಹೋದ ಮೇಲೆ ಗೊತ್ತಾಯ್ತು, ಅಲ್ಲೇ ಒಂದು ನಿಮಿಷ ಸುಮ್ಮನೆ ನಿಂತ್ಬಿಟ್ಟೆ. ಅವತ್ತಿಂದ ಬಿಟ್ಟಿಲ್ಲ. ಸೊಸೈಟೀಲಿ ಮಧ್ಯಾಹ್ನ ಊಟ ಆದ್ಮೇಲೆ ನಾವು ಮೂರು ಜನ ಗೋಡೌನ್ ಒಳಗೆ ಹದಿನೈದು ನಿಮಿಷ ನಡೀತೀವಿ, ಅಲ್ಲಿಗೆ ಆನೆ ಬರಲ್ಲ.

ಈಗ ಕುರ್ಚಿ ಟೆಸ್ಟ್ 17. ಹೊಟ್ಟೆ 92ರಿಂದ 87. ತೂಕ 64.2. ಹಿಮೋಗ್ಲೋಬಿನ್ 11.6, ಟಿಎಸ್‌ಎಚ್ 3.1. ಬ್ಲೀಡಿಂಗ್ ಐದು ದಿನಕ್ಕೆ ಬಂದಿದೆ. ಬೆವರು ಇನ್ನೂ ಉಂಟು, ವಾರದಲ್ಲಿ ಎರಡು ಮೂರು ರಾತ್ರಿ, ಮೊದಲು ದಿನಾ ಇತ್ತು. ಹಾರ್ಮೋನ್ ಬಗ್ಗೆ ಡಾಕ್ಟರ್ ಹತ್ರ ಮಾತಾಡಿದೀನಿ, ಸದ್ಯ ಬೇಡ, ಜನವರೀಲಿ ಮತ್ತೆ ನೋಡೋಣ ಅಂತ ಇಬ್ರೂ ತೀರ್ಮಾನ ಮಾಡಿದ್ವಿ. ಪುತ್ತರಿ ಹಬ್ಬಕ್ಕೆ ಆ ಮದುವೆ ಸೀರೆ ತೆಗೆದು ಉಟ್ಟೆ, ರವಿಕೆಗೆ ಒಂದು ಹೊಲಿಗೆ ಬಿಚ್ಚಬೇಕಾಯ್ತು, ಆದ್ರೂ ಉಟ್ಟೆ.

ಈಗ ಒಂದು ತೊಂದರೆ ಅಕ್ಕ, ನಮ್ಮಲ್ಲಿ ಸ್ವಲ್ಪ ಅರೇಬಿಕಾ ಉಂಟು, ನಾಳೆಯಿಂದ ಕುಯ್ಲು. ಇನ್ನು ಎರಡು ತಿಂಗಳು ಕಣದ ತುಂಬ ಕಾಫಿ ಹರಡಿರುತ್ತೆ, ಭಾನುವಾರ ನಡೆಯೋಕೆ ಜಾಗ ಇರಲ್ಲ. ನೀವೇನ್ ಮಾಡ್ತೀರಿ?

ಶಾಂತಳ್ಳಿ_ಮಳೆ | ಡಿಸೆಂಬರ್ 9, ಸಂಜೆ 7:15

17 ಅಂತ ಓದಿ ಮನೆಯವ್ರನ್ನ ಕರೆದು ತೋರಿಸಿದೆ ತಂಗಿ!

ಕಣದಲ್ಲಿ ಕಾಫಿ ಇದ್ರೆ ನಡೆಯೋದ್ಯಾಕೆ, ಭಾನುವಾರ ಕಾಫಿ ಕೆದಕೋ ಕೆಲಸ ನೀನೇ ತಗೋ. ಉದ್ದ ಹಿಡಿದು ಕೆದಕೋ ಹಲಗೆ ಉಂಟಲ್ಲ, ಅದ್ರಲ್ಲಿ ಗಂಟೆಗೊಂದು ಸಲ ಪೂರ್ತಿ ಕಣ ತಿರುವಿ ಹಾಕು, ಒಂದ್ಸಲ ಬಲಗಡೆಯಿಂದ, ಒಂದ್ಸಲ ಎಡಗಡೆಯಿಂದ, ಇಲ್ದಿದ್ರೆ ಒಂದೇ ಭುಜ ನೋಯುತ್ತೆ. ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚೋದೂ ನಿಂದೇ. ಮಂಡಿ ಸ್ವಲ್ಪ ಬಗ್ಗಿಸಿ ನಿಂತ್ಕೋ, ಸೊಂಟದಿಂದ ಬಾಗಿ ಎಳೀಬೇಡ.